ಐದನೇ ಕ್ಲಾಸ್ ಆದಮೇಲೆ ಎಲ್ಲಿಗೆ? ಆದರ್ಶ, ಮೊರಾರ್ಜಿ, ನವೋದಯ, ಇಲ್ಲಾ ಊರ ಶಾಲೆ

ಪಾಟಿಚೀಲ
ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಂಚೋಕೆ ಒಂದು ಪುಟದ ಚೀಟಿ ಬೇಕು. ಹಳ್ಳಿ ತಾಲ್ಲೂಕಲ್ಲಿ ಆರನೇ ಕ್ಲಾಸಿಗೆ ಸರ್ಕಾರದ್ದೇ ನಾಲ್ಕೈದು ಬಾಗಿಲುಗಳಿವೆ. ಊರಿನ ಹಿರಿಯ ಪ್ರಾಥಮಿಕ ಶಾಲೆ, ಆದರ್ಶ ವಿದ್ಯಾಲಯ, ಮೊರಾರ್ಜಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಜವಾಹರ್ ನವೋದಯ, ಹೆಣ್ಮಕ್ಕಳಿಗೆ ಕಸ್ತೂರ್ಬಾ. ಪೋಷಕರ ಬಾಯಲ್ಲಿ ಇದೆಲ್ಲಾ ಸೇರಿ ಒಂದೇ ಹೆಸರು, 'ಎಂಟ್ರೆನ್ಸ್ ಸ್ಕೂಲು'. ಮೊರಾರ್ಜಿಗೆ ಅರ್ಜಿ ಹಾಕಿ ಬಂದವರು ನವೋದಯಕ್ಕೂ ಆಯ್ತು ಅಂದ್ಕೊಂಡಿರ್ತಾರೆ.

ಮೂರು ವಿಷಯ ಕೇಳ್ಬೇಕು. ಯಾವುದಕ್ಕೆ ಯಾವ ತಿಂಗಳು ಎಚ್ಚರವಾಗಬೇಕು? ಅರ್ಜಿ ಎಲ್ಲಿ ಬಿದ್ದುಹೋಗುತ್ತೆ? ಕನ್ನಡ ಮಾಧ್ಯಮದ ಮಗು ಆರನೇ ಕ್ಲಾಸಲ್ಲಿ ಇಂಗ್ಲಿಷಿಗೆ ಹಾರಿದ್ರೆ ಏನಾಗುತ್ತೆ? ಗೊತ್ತಿರೋರು ಹೇಳಿ. 'ಮಗುವಿನ ಆಸಕ್ತಿ ನೋಡಿ' ಅನ್ನೋ ಉಪದೇಶ ಬೇಡ, ಅದು ಚೀಟಿಯ ಮೇಲೆ ಹಿಡಿಯಲ್ಲ.

ಮೂರುಸಂದಿ
ಮೊದಲು ಬಾಗಿಲುಗಳನ್ನ ಬೇರೆ ಬೇರೆ ಮಾಡಿ.

ನವೋದಯ ಕೇಂದ್ರದ್ದು, ಸಿಬಿಎಸ್‌ಇ, ಉಳಿದುಕೊಂಡೇ ಓದಬೇಕು. ಇಡೀ ಜಿಲ್ಲೆಗೆ ಸೇರಿ 80 ಸೀಟು. ಆದರ್ಶ ರಾಜ್ಯದ್ದು, ಇಂಗ್ಲಿಷ್ ಮಾಧ್ಯಮ, 6ರಿಂದ 10, ಬೆಳಿಗ್ಗೆ ಹೋಗಿ ಸಂಜೆ ಬರೋ ಶಾಲೆ, ಹಾಸ್ಟೆಲ್ ಇಲ್ಲ. ರಾಜ್ಯದಲ್ಲಿ ಶೈಕ್ಷಣಿಕವಾಗಿ ಹಿಂದುಳಿದ 74 ತಾಲ್ಲೂಕಲ್ಲಿ ಮಾತ್ರ ಇದೆ, ಒಂದೊಂದರಲ್ಲಿ ಆರನೇ ಕ್ಲಾಸಿಗೆ 80 ಸೀಟು. ಅಂದ್ರೆ ನವೋದಯದಲ್ಲಿ ಜಿಲ್ಲೆ ಪೂರ್ತಿ ಪೈಪೋಟಿ, ಆದರ್ಶದಲ್ಲಿ ನಿಮ್ಮ ತಾಲ್ಲೂಕಿನ ಮಕ್ಕಳ ಜೊತೆ ಮಾತ್ರ. ಈ ಲೆಕ್ಕ ಯಾರೂ ಹಾಕಲ್ಲ. ಮೊರಾರ್ಜಿ, ಚೆನ್ನಮ್ಮ ಮುಂತಾದವು ಕ್ರೈಸ್ (ರಾಜ್ಯದ ವಸತಿ ಶಾಲೆಗಳನ್ನ ನಡೆಸೋ ಸಂಸ್ಥೆ) ಕೆಳಗೆ ಬರ್ತವೆ. ಅವು ವಸತಿ ಶಾಲೆ, ತರಗತಿಗೆ 50 ಮಕ್ಕಳು, ಪರೀಕ್ಷೆ ನಡೆಸೋದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಕಸ್ತೂರ್ಬಾಕ್ಕೆ ಪ್ರವೇಶ ಪರೀಕ್ಷೆಯೇ ಇಲ್ಲ, ಅದು ಓದು ಬಿಟ್ಟ ಹೆಣ್ಮಕ್ಕಳನ್ನ ಹುಡುಕಿ ತರೋಕೆ ಅಂತಲೇ 2004ರಲ್ಲಿ ಶುರುವಾಗಿದ್ದು.

ನಿಮ್ಮ ತಾಲ್ಲೂಕು ಆ 74ರಲ್ಲಿ ಇಲ್ಲದಿದ್ರೆ ಆದರ್ಶದ ಸಾಲನ್ನ ಚೀಟಿಯಿಂದ ತೆಗೀರಿ.

ಉತ್ತರದಗಾಳಿ
ತಿಂಗಳ ಲೆಕ್ಕ ಕೇಳಿದ್ರಲ್ರೀ, ಎಲ್ಲಾರೂ ಎಡವೋದು ಅಲ್ಲೇ. ನವೋದಯದ ಅರ್ಜಿ ಮಗು ಐದನೇತ್ತಕ್ಕ ಕಾಲಿಟ್ಟ ಕೂಡ್ಲೇ, ಮಳಿಗಾಲದಾಗ ಬರತೈತಿ. ಮಂದಿ ಮಾರ್ಚ್‌ದಾಗ, ಪರೀಕ್ಷೆ ಎಲ್ಲಾ ಮುಗಿದ ಮ್ಯಾಲ ಬಂದು 'ಫಾರ್ಮ್ ಕೊಡ್ರಿ' ಅಂತಾರ. ಆಗ ಕೊಡಾಕ ಏನೂ ಉಳಿದಿರಂಗಿಲ್ಲ. ಆದರ್ಶ, ಮೊರಾರ್ಜಿ ಅರ್ಜಿ ಚಳಿಗಾಲದ ಆಜೂಬಾಜು ಬರ್ತಾವ. ತಾರೀಕು ವರ್ಷಾ ಬದಲಾಗ್ತದ, ಅದಕ್ಕ ಚೀಟಿ ಮ್ಯಾಲ ತಾರೀಕು ಬರೀಬ್ಯಾಡ್ರಿ. 'ಶಾಲೆ ಶುರುವಾದ ಎರಡನೇ ವಾರದಿಂದ ಪ್ರತಿ ಸೋಮವಾರ ಹೆಡ್ ಮಾಸ್ತರ್‌ನ ಕೇಳ್ರಿ' ಅಂತ ಬರೀರಿ.

ಇನ್ನೊಂದು, ನವೋದಯ ಆರನೇತ್ತಕ್ಕ ಒಂದೇ ಸಲ. ಎರಡನೇ ಸಲ ಕೂಡಂಗಿಲ್ಲ. ಐದನೇತ್ತ ಮತ್ತೊಮ್ಮಿ ಓದಿಸಿ ಕೂಡಿಸ್ತೀನಂದ್ರೂ ನಡ್ಯಂಗಿಲ್ಲ.

ಕರಾವಳಿಕಾಗೆ
> ನವೋದಯ ಆರನೇತ್ತಕ್ಕ ಒಂದೇ ಸಲ

ಆರಕ್ಕೆ ಸರಿ. ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಮಾರಾಯ್ರೆ. ಖಾಲಿ ಉಳಿದ ಸೀಟುಗಳಿಗೆ ಒಂಬತ್ತರಲ್ಲೂ ಹನ್ನೊಂದರಲ್ಲೂ ಪರೀಕ್ಷೆ ಉಂಟು. ಚೀಟಿಯ ಕೆಳಗೆ ಸಣ್ಣಕ್ಷರದಲ್ಲಾದರೂ ಹಾಕಿ. ಆರಕ್ಕೆ ಸಿಗದ ಮಗುವಿನ ಮನೆಯವರು ಎಲ್ಲ ಮುಗಿಯಿತು ಅಂತ ಕೂತುಬಿಡ್ತಾರೆ.

ನಾಡಕಚೇರಿಸಾಲು
ಅರ್ಜಿ ಬೀಳೋ ಜಾಗಗಳು. ಪದೇ ಪದೇ ಆಗೋವನ್ನಷ್ಟೇ ಬರೀತಿದೀನಿ.

ಒಂದು, ಹೆಸರು. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಸ್ಯಾಟ್ಸ್‌ನಲ್ಲಿ (ಶಾಲೆಯ ಆನ್‌ಲೈನ್ ದಾಖಲೆ) ಬರೀ ಇನಿಷಿಯಲ್, ಜಾತಿ ಪ್ರಮಾಣಪತ್ರದಲ್ಲಿ ಊರಿನ ಹೆಸರೂ ಸೇರಿ. ಮೂರು ಕಾಗದದಲ್ಲಿ ಮೂರು ಮಗು. ಅಕ್ಷರದ ತಪ್ಪು ಬೇಗ ಸರಿಹೋಗುತ್ತೆ, ಹುಟ್ಟಿದ ತಾರೀಕಿನ ತಪ್ಪು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೆಟ್ಟಿಲು ಹತ್ತಿಸುತ್ತೆ. ಅದಕ್ಕೇ ನಾಲ್ಕನೇ ಕ್ಲಾಸಿನ ಕೊನೇಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಎರಡು, ಆರ್‌ಡಿ ಸಂಖ್ಯೆ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರೋ ಆ ಸಂಖ್ಯೆಯನ್ನ ರಾಜ್ಯದ ಅರ್ಜಿಗಳಲ್ಲಿ ತುಂಬಿದಾಗ ಕಂಪ್ಯೂಟರ್ ತಾನೇ ತಾಳೆ ನೋಡುತ್ತೆ. ಅಪ್ಪನ ಹೆಸರಲ್ಲಿರೋ ಪ್ರಮಾಣಪತ್ರದ ಸಂಖ್ಯೆ ಹಾಕಿದ್ರೆ ಹೆಸರು ಹೊಂದಲ್ಲ. ಮಗುವಿನ ಹೆಸರಲ್ಲೇ ಮಾಡಿಸಿ. ಆದಾಯ ಪತ್ರದ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ಮೂರು, ನವೋದಯಕ್ಕೆ ಹಿಂದುಳಿದ ವರ್ಗ ಅಂದ್ರೆ ಕೇಂದ್ರದ ಪಟ್ಟಿ. ರಾಜ್ಯದಲ್ಲಿ ಪ್ರವರ್ಗ ಇದೆ ಅಂದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರಬೇಕು ಅಂತೇನಿಲ್ಲ. ಅರ್ಜೀಲಿ ಓಬಿಸಿ ಅಂತ ಒತ್ತಿ, ಆಯ್ಕೆ ಆದಮೇಲೆ ಕೇಂದ್ರದ ನಮೂನೆಯ ಪತ್ರ ತರೋಕಾಗದೆ ಸೀಟು ಕಳ್ಕೊಳ್ಳೋದಿದೆಯಲ್ಲ, ಅದರಷ್ಟು ಹೊಟ್ಟೆ ಉರಿಸೋದು ಬೇರೆ ಇಲ್ಲ.

ಪಾಟಿಚೀಲ
ಸೈಬರ್ ಅಂಗಡಿಯಲ್ಲಿ ಏನು ತಪ್ಪಾಗುತ್ತೆ? ಬಹಳ ಜನ ಅಲ್ಲೇ ತುಂಬಿಸೋದು.

ನಾಡಕಚೇರಿಸಾಲು
ಮಾಧ್ಯಮ! ನವೋದಯದ ಅರ್ಜೀಲಿ ಪರೀಕ್ಷೆಯ ಭಾಷೆ ಆರಿಸೋ ಜಾಗ ಇದೆ. ಅಂಗಡಿಯವರು ಮೊದಲು ಕಂಡಿದ್ದನ್ನ ಒತ್ತಿ ಮುಂದೆ ಹೋಗ್ತಾರೆ. ಇಂಗ್ಲಿಷ್ ಅಂತ ಬಿದ್ರೆ ಪ್ರಶ್ನೆಪತ್ರಿಕೆ ಇಂಗ್ಲಿಷಲ್ಲೇ ಬರುತ್ತೆ, ಭಾಷಾ ವಿಭಾಗದ ಗದ್ಯಗಳೂ ಇಂಗ್ಲಿಷಲ್ಲೇ. ಪರೀಕ್ಷೆ ದಿನ ಕೇಂದ್ರದಲ್ಲಿ ಅತ್ತರೂ ಬದಲಾಗಲ್ಲ. ಸಲ್ಲಿಸೋ ಮುಂಚೆ ಪರದೆ ಕಡೆ ತಿರುಗಿ 'ಕನ್ನಡ' ಅಂತ ಇದೆಯಾ ಅಂತ ಕಣ್ಣಾರೆ ನೋಡ್ಕೊಳ್ಳಿ.

ಆಮೇಲೆ ಮುಖ್ಯಶಿಕ್ಷಕರು ಸಹಿ ಮಾಡಿದ ದೃಢೀಕರಣ, ಮಗುವಿನ ಫೋಟೊ, ಮಗುವಿನ ಸಹಿ, ಪೋಷಕರ ಸಹಿ. ಮಗುವಿನ ಸಹಿ ಜಾಗದಲ್ಲಿ ಅಪ್ಪನೇ ಸಹಿ ಹಾಕಿಬಿಡೋದೂ ಉಂಟು.

ಮೂರುಸಂದಿ
ನವೋದಯದ ವಯಸ್ಸೂ ಸೇರಿಸಿ. 2025-26ರ ಪ್ರವೇಶಕ್ಕೆ 1-5-2013ರಿಂದ 31-7-2015ರ ಒಳಗೆ ಹುಟ್ಟಿರಬೇಕಿತ್ತು, ಎರಡು ದಿನವೂ ಸೇರಿ. ಪ್ರತಿ ವರ್ಷ ಒಂದೊಂದು ವರ್ಷ ಮುಂದಕ್ಕೆ ಸರಿಯುತ್ತೆ. ಶಾಲೆಗೆ ಸೇರಿಸೋವಾಗ ಅಂದಾಜಿನ ಮೇಲೆ 'ಜೂನ್ 1' ಅಂತ ಬರೆಸಿದ ತಾರೀಕುಗಳು ಇಲ್ಲಿ ಬಂದು ಕೈಕೊಡ್ತವೆ.

ಹಾಸ್ಟೆಲ್‌ಟ್ರಂಕು
ಗ್ರಾಮೀಣ ಮೀಸಲು ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹೆಣ್ಮಕ್ಕಳಿಗೆ. ಆದ್ರೆ ಹಳ್ಳಿ ಮಗು ಅನ್ನಿಸ್ಕೊಳ್ಳೋಕೆ 3, 4, 5 ಮೂರೂ ಕ್ಲಾಸು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದು ದಿನ ಪಟ್ಟಣದ ಶಾಲೆಗೆ ದಾಖಲಾಗಿದ್ರೂ ನಗರದ ಲೆಕ್ಕ. ಮನೆ ಎಲ್ಲಿದೆ ಅನ್ನೋದಲ್ಲ, ಶಾಲೆ ಎಲ್ಲಿದೆ ಅನ್ನೋದು. ದಿನಾ ಹಳ್ಳಿಯಿಂದ ಹಳದಿ ವ್ಯಾನ್ ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗೋ ಮಗುವೂ ನಗರದ್ದೇ.

ಗ್ರಾಮ ಪಂಚಾಯಿತಿ ಮೇಲೇರಿ ಪಟ್ಟಣ ಪಂಚಾಯಿತಿ ಆದ ಊರಲ್ಲಿ ಇದು ಇನ್ನೂ ಗೋಜಲು. ಹೊಲ ಹಾಗೇ ಇದೆ, ಎಮ್ಮೆ ಹಾಗೇ ಇದೆ, ಅಧಿಸೂಚನೆಯಲ್ಲಿ ಮಾತ್ರ ಪಟ್ಟಣ.

ಬದುಬೇಲಿ
ಎಮ್ಮೆಗೂ ಈಗ ನಗರ ಕೋಟಾ 😄

ಗಣಿತದಚೀಟಿ
ಪರೀಕ್ಷೆಯೊಳಗೆ ಬರೋಣ. ನವೋದಯದ್ದು 2 ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆಗೆ 50, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಖಾಲಿ ಬಿಡೋದು ದಡ್ಡತನ.

ಅರ್ಧ ಅಂಕ ಇರೋ ಮಾನಸಿಕ ಸಾಮರ್ಥ್ಯ ಪೂರ್ತಿ ಚಿತ್ರ. ಓದೋದೇ ಇಲ್ಲ, ಇಂಗ್ಲಿಷ್ ಮೀಡಿಯಮ್ಮಿನ ಮಗುವಿಗೆ ಒಂದು ಚೂರೂ ಹೆಚ್ಚುಗಾರಿಕೆ ಇಲ್ಲ. ಹತ್ತು ಬಗೆ, ಬಗೆಗೆ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ್ದು, ಅದೇ ಚಿತ್ರ ಹುಡುಕೋದು, ಚಿತ್ರ ಪೂರ್ಣ ಮಾಡೋದು, ಸರಣಿ, ಸಾದೃಶ್ಯ, ತ್ರಿಕೋನ-ಚೌಕ-ವೃತ್ತ ಪೂರ್ಣ ಮಾಡೋದು, ಕನ್ನಡಿ ಬಿಂಬ, ಮಡಚಿ ತೂತು ಮಾಡಿದ ಕಾಗದ, ತುಂಡು ಜೋಡಿಸೋದು, ಅಡಗಿದ ಚಿತ್ರ.

ಇದಕ್ಕೆ ದಪ್ಪ ಗೈಡ್ ಬೇಡ. ಕಾಗದದ ಪ್ರಶ್ನೆ ತಗೊಳ್ಳಿ. ಹಳೇ ಪೇಪರನ್ನ ಅಂಗೈಯಗಲ ಚೌಕ ಕತ್ತರಿಸಿ, ಒಂದು ಸಲ ಅಡ್ಡ, ಒಂದು ಸಲ ಉದ್ದ ಮಡಚಿ, ಮೊಳೆಯಿಂದ ಒಂದು ತೂತು ಹಾಕಿಸಿ. ಬಿಚ್ಚೋ ಮೊದಲು ಎಷ್ಟು ತೂತು, ಎಲ್ಲೆಲ್ಲಿ ಅಂತ ಸ್ಲೇಟ್ ಮೇಲೆ ಬರೆಸಿ, ಆಮೇಲೆ ಬಿಚ್ಚಿಸಿ. ನಾಲ್ಕು ತೂತು ಅಂತ ಎಲ್ಲ ಮಕ್ಕಳೂ ಎರಡನೇ ದಿನಕ್ಕೇ ಹೇಳ್ತಾರೆ. ಎಡವೋದು ಜಾಗದಲ್ಲಿ. ಉತ್ತರದ ಆಯ್ಕೆಗಳಲ್ಲಿ ಎರಡು ಮೂರಕ್ಕೆ ನಾಲ್ಕೇ ತೂತು ಇರುತ್ತೆ, ಒಂದರಲ್ಲಿ ತೂತುಗಳು ಮಧ್ಯಕ್ಕೆ ಒತ್ತಿಕೊಂಡಿರ್ತವೆ, ಇನ್ನೊಂದರಲ್ಲಿ ಅಂಚಿಗೆ. ಮಡಿಕೆಯ ಗೆರೆಯಿಂದ ತೂತು ಎಷ್ಟು ದೂರವೋ ಬಿಚ್ಚಿದಾಗ ಆಚೆ ಬದಿಗೂ ಅಷ್ಟೇ ದೂರ. ಅದು ಕೈಗೆ ಹತ್ತಬೇಕು. ಮೂಲೆಯಿಂದ ಮೂಲೆಗೆ ಓರೆ ಮಡಿಸೋದನ್ನ ಕೊನೆಗೆ ಇಟ್ಕೊಳ್ಳಿ, ದೊಡ್ಡೋರೇ ತಪ್ಪು ಹೇಳ್ತಾರೆ.

ಕನ್ನಡಿ ಬಿಂಬದಲ್ಲಿ ಎಡ-ಬಲ ತಿರುಗಿಸೋ ಭರದಲ್ಲಿ ಮೇಲೆ-ಕೆಳಗೂ ತಿರುಗಿಸಿಬಿಡ್ತಾರೆ. ಚಿಕ್ಕ ಕನ್ನಡಿಯನ್ನ ಚಿತ್ರದ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ತೋರಿಸಿ, ವಾರದಲ್ಲಿ ಸರಿಹೋಗುತ್ತೆ.

ಸೀತಾಳೆದಂಡೆ
ಇದಕ್ಕೆ ಸಾವಿರಗಟ್ಟಲೆ ಫೀಸು ತಗೊಳ್ಳೋ ಕೋಚಿಂಗ್‌ಗಳು ಹೊಟ್ಟೆ ಉರ್ಕೋಬಾರದು ಅಷ್ಟೇ.

ಉತ್ತರದಗಾಳಿ
ಕೋಚಿಂಗ್ ಸುಮ್ನೆ ಅಂತ ಅನ್ನಬ್ಯಾಡ್ರಿ. ಊರಾಗ ಐದನೇತ್ತದ ಮಾಸ್ತರಗ ನಾಕು ಕ್ಲಾಸ್ ಹೊಂದಿಸೋದ್ರಾಗ ಸಾಕಾಗಿರತೈತಿ. ಲ.ಸಾ.ಅ., ಮ.ಸಾ.ಅ. ಗಟ್ಟಿ ಮಾಡಸಾಕ ಟೈಮ್ ಎಲ್ಲಿಂದ ತರೋದು?

ಗಣಿತದಚೀಟಿ
ಸಮಯ ಇಲ್ಲ ಅನ್ನೋದು ನಿಜ. ಆದ್ರೆ ಕೋಚಿಂಗ್ ಹೇಳಿಕೊಡದ ಒಂದು ಸಂಗತಿ ಇದೆ, ಓಎಂಆರ್, ಅಂದ್ರೆ ಸುತ್ತು ತುಂಬಿ ಉತ್ತರ ಗುರುತಿಸೋ ಹಾಳೆ. ಒಂದು ಸುತ್ತನ್ನ ಸರಿಯಾಗಿ ತುಂಬೋಕೆ ಹತ್ತು ವರ್ಷದ ಮಗುವಿಗೆ ಆರು ಸೆಕೆಂಡ್ ಅಂದ್ಕೊಳ್ಳಿ, 80 ಸುತ್ತಿಗೆ ಎಂಟು ನಿಮಿಷ. ಕೊನೆಗೆ ಒಟ್ಟಿಗೆ ತುಂಬ್ತೀನಿ ಅಂತ ಬಿಟ್ಟ ಮಗು ಅಲ್ಲೇ ಹೋಯ್ತು. ಇನ್ನೊಂದು, 17ನ್ನ ಬಿಟ್ಟು 18ಕ್ಕೆ ಹೋದಾಗ 18ರ ಉತ್ತರವನ್ನ 17ರ ಸಾಲಲ್ಲಿ ತುಂಬೋದು. ಅಲ್ಲಿಂದ ಮುಂದೆ ಎಲ್ಲಾ ಒಂದು ಮೆಟ್ಟಿಲು ಜಾರುತ್ತೆ. ಪ್ರತಿ ಐದು ಪ್ರಶ್ನೆಗೊಮ್ಮೆ ಬೆರಳಿಟ್ಟು ನಂಬರ್ ತಾಳೆ ನೋಡೋ ಅಭ್ಯಾಸ ಮಾಡಿಸಿ. ಓಎಂಆರ್ ಹಾಳೆಯ ಜೆರಾಕ್ಸ್ ಹತ್ತು ತೆಗೆಸಿದ್ರೆ ಸಾಕು, ವಾರಕ್ಕೊಂದು.

ಕರಾವಳಿಕಾಗೆ
ಮಾಧ್ಯಮದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಸೀತಾಳೆದಂಡೆ
ಕೊಡ್ತೀನಿ. ಜನ ಹೆದರೋದು 'ಇಂಗ್ಲಿಷ್ ಮಾತಾಡೋಕೆ ಬರಲ್ಲ' ಅಂತ. ಮಾತಾಡೋದು ನಿಧಾನಕ್ಕೆ ಬರುತ್ತೆ. ಮೊದಲ ಮೂರು ತಿಂಗಳು ಆದರ್ಶದಲ್ಲಿ ಬಿದ್ದುಹೋಗೋದು ಗಣಿತ, ಅದೂ ಗಣಿತ ಗೊತ್ತಿರೋ ಮಕ್ಕಳೇ.

ಭಿನ್ನರಾಶಿ ನೋಡಿ. ಕನ್ನಡದಲ್ಲಿ 2/3ನ್ನ 'ಮೂರನೇ ಎರಡು', 'ಮೂರರಲ್ಲಿ ಎರಡು' ಅಂತೀವಿ, ಕೆಳಗಿನ ಅಂಕಿ ಮೊದಲು ಬಾಯಿಗೆ ಬರುತ್ತೆ. ಇಂಗ್ಲಿಷಲ್ಲಿ 'ಟೂ ಬೈ ಥ್ರೀ', ಮೇಲಿನದು ಮೊದಲು. ಐದು ವರ್ಷ ಕಿವಿಗೆ ಕೂತಿರೋ ಕ್ರಮ ತಲೆಕೆಳಗಾಗುತ್ತೆ. ಮೇಷ್ಟ್ರು 'ಟೂ ಬೈ ಥ್ರೀ' ಅಂದಾಗ ಮಗು 3/2 ಬರೆಯುತ್ತೆ, ಮೇಷ್ಟ್ರು ಭಿನ್ನರಾಶಿನೇ ಬರಲ್ಲ ಅಂದ್ಕೊಳ್ತಾರೆ. ಮಗುವಿಗೆ ಬರುತ್ತೆ, ಅದು ಕನ್ನಡದಲ್ಲಿ ಬರೆದಿದೆ ಅಷ್ಟೆ!

ಪದಗಳೂ ಹಾಗೇ. ಅಂಶ-ನ್ಯೂಮರೇಟರ್, ಛೇದ-ಡಿನಾಮಿನೇಟರ್, ಸುತ್ತಳತೆ-ಪೆರಿಮೀಟರ್, ವಿಸ್ತೀರ್ಣ-ಏರಿಯಾ, ಅಪವರ್ತನ-ಫ್ಯಾಕ್ಟರ್, ಅಪವರ್ತ್ಯ-ಮಲ್ಟಿಪಲ್. ಕೊನೇ ಎರಡು ಕನ್ನಡದಲ್ಲೇ ಗೊಂದಲ. ಏಪ್ರಿಲ್-ಮೇ ರಜೆಯಲ್ಲಿ ದಿನಕ್ಕೆ ಐದರಂತೆ ಇಂಥ ಇನ್ನೂರು ಪದ ಜೋಡಿ ಮಾಡಿ ಬರೆಸಿದ್ರೆ ಜೂನ್‌ನಲ್ಲಿ ಅರ್ಧ ಭಾರ ಇಳಿಯುತ್ತೆ. ವ್ಯಾಕರಣ ತಲೆಗೆ ತುಂಬೋದು ಬೇಡ.

ನವೋದಯದಲ್ಲಿ ಈ ಪೆಟ್ಟು ತಡವಾಗಿ ಬರುತ್ತೆ. ನಿಯಮದ ಪ್ರಕಾರ ಏಳು-ಎಂಟರ ತನಕ ಮಾತೃಭಾಷೆ ಅಥವಾ ರಾಜ್ಯದ ಭಾಷೆ, ಆಮೇಲೆ ಗಣಿತ-ವಿಜ್ಞಾನ ಇಂಗ್ಲಿಷಲ್ಲಿ.

ಬದುಬೇಲಿ
ಆಮೇಲೆ ಒಂಬತ್ತಕ್ಕೆ ರೈಲು ಹತ್ತಿಸ್ತಾರೆ. ಅದನ್ನೂ ಬರೀರಿ, ಆಯ್ಕೆ ಆದಮೇಲೆ ಗೊತ್ತಾಗಿ ಮನೇಲಿ ರಂಪ ಆಗೋದು ಬೇಡ. ಒಂಬತ್ತನೇ ಕ್ಲಾಸಿನ ಶೇ 30ರಷ್ಟು ಮಕ್ಕಳನ್ನ ಒಂದು ವರ್ಷಕ್ಕೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸಿ, ಅಲ್ಲಿನವರನ್ನ ಇಲ್ಲಿಗೆ ತರ್ತಾರೆ. ಇದೇ ಹಿಂದಿ ಕಾರಣಕ್ಕೆ ತಮಿಳುನಾಡಲ್ಲಿ ಒಂದೂ ನವೋದಯ ಇಲ್ಲ.

ಹಾಸ್ಟೆಲ್‌ಟ್ರಂಕು
ಬಂತು ನೋಡಿ ಹಿಂದಿ. ಇದನ್ನ ಹಿಡ್ಕೊಂಡ್ರೆ ಎಳೆ ಇನ್ನೂರು ಉತ್ತರಕ್ಕೆ ಹೋಗುತ್ತೆ. ಖರ್ಚಿನ ವಿಷಯ ಹೇಳ್ತೀನಿ: ನವೋದಯದಲ್ಲಿ ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. 6ರಿಂದ 8ಕ್ಕೆ ಏನೂ ಕಟ್ಟಬೇಕಿಲ್ಲ. 9ರಿಂದ ವಿದ್ಯಾಲಯ ವಿಕಾಸ ನಿಧಿ ಅಂತ ತಿಂಗಳಿಗೆ 600 ರೂಪಾಯಿ. ಹೆಣ್ಮಕ್ಕಳಿಗೆ, ಎಸ್‌ಸಿ-ಎಸ್‌ಟಿಗೆ, ಬಿಪಿಎಲ್ ಮನೆಯವರಿಗೆ ಅದೂ ಇಲ್ಲ.

ಆದರ್ಶ ಉಚಿತ ಅಂತಾರಲ್ಲ, ಅಲ್ಲಿನ ನಿಜವಾದ ಖರ್ಚು ಬಸ್ಸು. ಶಾಲೆ ತಾಲ್ಲೂಕಿಗೆ ಒಂದೇ. ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಬೆಳಿಗ್ಗೆ ಇರೋದು ಒಂದೇ ಬಸ್ಸು, ಅದು ತಪ್ಪಿದ್ರೆ ಆ ದಿನ ಗೈರು. ಹೆಣ್ಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಇದೆ, ಗಂಡ್ಮಕ್ಕಳಿಗೆ ಪಾಸ್ ಮಾಡಿಸ್ಬೇಕು. ಅರ್ಜಿ ಹಾಕೋ ಮೊದಲು ಬಸ್ ವೇಳಾಪಟ್ಟಿ ನೋಡಿ. ಸಂಜೆ ಬಸ್ಸು ಎಷ್ಟಕ್ಕೆ ಅಂತ ಮುಖ್ಯವಾಗಿ ನೋಡಿ.

ಮೂರುಸಂದಿ
ಆದರ್ಶದ ಇನ್ನೊಂದು ಕಥೆ. ಅದು ಕೇಂದ್ರದ 2008ರ ಮಾದರಿ ಶಾಲೆ ಯೋಜನೆಯ ಕೂಸು, 2015ರಲ್ಲಿ ಕೇಂದ್ರ ಕೈ ಬಿಡ್ತು. ಅಲ್ಲಿಂದ ರಾಜ್ಯವೇ ಸಾಕ್ತಿದೆ. ಕಟ್ಟಡ ಚೆನ್ನಾಗಿರುತ್ತೆ. ಶಿಕ್ಷಕರ ಹುದ್ದೆ ಖಾಲಿ ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ನಿಮ್ಮ ತಾಲ್ಲೂಕಿನ ಶಾಲೆಗೇ ಹೋಗಿ ಕೇಳಿ. ಬೋರ್ಡಿನ ಮೇಲಿನ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ.

ಊರಗಂಟೆ
ಇಷ್ಟು ಹೊತ್ತು ಸುಮ್ಮನಿದ್ದೆ. ಎಲ್ಲರೂ ಐದನೇ ಕ್ಲಾಸಿನಿಂದ ಮಕ್ಕಳನ್ನ ಎಲ್ಲಿಗೆ ಹೊರಡಿಸೋದು ಅಂತ ಮಾತಾಡ್ತಿದ್ದೀರಿ, ಅದೂ ಎಸ್‌ಡಿಎಂಸಿ ಚೀಟಿಯಲ್ಲಿ! ಐದರಲ್ಲಿ 14 ಮಕ್ಕಳಿದ್ದಾರೆ ಅಂತಿಟ್ಕೊಳ್ಳಿ, ಚುರುಕಾಗಿರೋ ಐದು ಜನ ಹೋದ್ರೆ ಉಳಿಯೋದು 9. ಮುಂದಿನ ವರ್ಷ ಇನ್ನೂ ನಾಲ್ಕು. ಸ್ಯಾಟ್ಸ್ ಸಂಖ್ಯೆ ನೋಡಿ 'ಹೆಚ್ಚುವರಿ ಶಿಕ್ಷಕ' ಅಂತ ಒಬ್ಬರನ್ನ ಎತ್ತುತ್ತಾರೆ. ಎತ್ತೋದು ಸಾಮಾನ್ಯವಾಗಿ ಯಾರನ್ನ? ಊರಿಗೆ ಬೇಕಾದವರನ್ನೇ. ಗಣಿತದವರು ಹೋದ ಶಾಲೆಗೆ ಮಕ್ಕಳನ್ನ ಯಾರು ಸೇರಿಸ್ತಾರೆ?

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನುಸೂಚಿ ಓದಿ. 6ರಿಂದ 8ಕ್ಕೆ ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕ, ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು, 35 ಮಕ್ಕಳಿಗೆ ಒಬ್ಬರು. ಮಕ್ಕಳು ಕಮ್ಮಿ ಅನ್ನೋ ಕಾರಣಕ್ಕೆ ವಿಷಯ ಶಿಕ್ಷಕರೇ ಇಲ್ಲದ ಹಾಗೆ ಮಾಡೋ ಹಾಗಿಲ್ಲ. ಅದನ್ನ ಬರೆದು ಬಿಇಒಗೆ ಕೊಡೋದು ಎಸ್‌ಡಿಎಂಸಿ ಕೆಲಸ, ನವೋದಯದ ಏಜೆಂಟಿಕೆ ಅಲ್ಲ.

ಅದೇ ಕಾಯ್ದೆಯ 13ನೇ ಕಲಂ ಪ್ರವೇಶಕ್ಕೆ ಮಗುವನ್ನ ಜರಡಿ ಹಿಡೀಬಾರದು ಅನ್ನುತ್ತೆ. ಸರ್ಕಾರವೇ ಕೂತು ಹತ್ತು ವರ್ಷದ ಮಕ್ಕಳನ್ನ ಜರಡಿ ಹಿಡೀತಿದೆ.

ಉತ್ತರದಗಾಳಿ
ಹಂಗಂದ್ರ ಕೂಲಿ ಮಾಡೋರ ಮಗ ಊರಾಗ ಉಳಿದು ಸಾಲಿ ಉಳಿಸಬೇಕನ್ರಿ? ಉಳ್ಳವರ ಮಕ್ಕಳು ಮೊದಲ ಕಾನ್ವೆಂಟಿಗೆ ಹೋಗ್ಯಾರ. ಅವರಿಗ್ಯಾಕ ಕೇಳಂಗಿಲ್ಲ ಈ ಪ್ರಶ್ನೆ?

ಊರಗಂಟೆ
ಅವರನ್ನೂ ಕೇಳ್ತೀನಿ, ಅವರು ಈ ಎಳೇಲಿ ಇಲ್ಲ ಅಷ್ಟೆ. ಹೋಗ್ಬೇಡಿ ಅಂತಿಲ್ಲ. ಚೀಟೀಲಿ ಊರ ಶಾಲೆಗೂ ನಾಲ್ಕು ಸಾಲು ಇರಲಿ ಅಂತಿದೀನಿ.

ಸೀತಾಳೆದಂಡೆ
ನ್ಯಾಯವಾದ ಮಾತು. ಆದ್ರೆ ಊರ ಶಾಲೆಯ ಕೊರತೆಯನ್ನೂ ಬರೆಯೋಣ. ಬಹಳ ಕಡೆ ಅದು ಏಳಕ್ಕೇ ನಿಲ್ಲುತ್ತೆ, ಎಂಟಕ್ಕೆ ಮತ್ತೆ ಪ್ರೌಢಶಾಲೆ ಹುಡುಕ್ಬೇಕು. ಆದರ್ಶ, ಮೊರಾರ್ಜಿ ಹತ್ತರ ತನಕ ಒಂದೇ ಕಡೆ. ಹೆಣ್ಮಕ್ಕಳು ಓದು ಬಿಡೋದು ಈ ಏಳು-ಎಂಟರ ಸಂದೀಲೇ. ಊರಲ್ಲಿ ಎಂಟನೇ ತರಗತಿ ಇದೆಯಾ ಇಲ್ವಾ ಅನ್ನೋದೇ ಅರ್ಧ ತೀರ್ಮಾನ.

ನಲಿ-ಕಲಿ ಮಾಡಿದ ರಾಜ್ಯ ನಮ್ಮದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು, ಮಗು ತನ್ನ ವೇಗದಲ್ಲಿ ಕಲೀಲಿ ಅಂತ. ಅದು ಮೂರನೇ ಕ್ಲಾಸಿಗೆ ಮುಗಿಯುತ್ತೆ. ಎರಡು ವರ್ಷ ಬಿಟ್ಟು ಅದೇ ಮಗುವಿನ ಕೈಗೆ ಓಎಂಆರ್.

ನಾಡಕಚೇರಿಸಾಲು
ಮೊರಾರ್ಜಿ ಬಗ್ಗೆ ಎರಡು ಮಾತು ಬಿಟ್ಟುಹೋಗಿದೆ. ಶಾಲೆ ಯಾವ ಇಲಾಖೆಯದ್ದು ಅನ್ನೋದರ ಮೇಲೆ ಮೀಸಲು ಬದಲಾಗುತ್ತೆ. ಸಮಾಜ ಕಲ್ಯಾಣದ್ದರಲ್ಲಿ ದೊಡ್ಡ ಪಾಲು ಎಸ್‌ಸಿ ಮಕ್ಕಳಿಗೆ, ಅಲ್ಪಸಂಖ್ಯಾತರ ಇಲಾಖೆಯದ್ದರಲ್ಲಿ ಆ ಸಮುದಾಯದವರಿಗೆ. ಒಂದೇ ಅಂಕಕ್ಕೆ ಒಂದು ಮೊರಾರ್ಜಿಯಲ್ಲಿ ಸೀಟು ಸಿಗುತ್ತೆ, ಪಕ್ಕದ್ದರಲ್ಲಿ ಸಿಗಲ್ಲ. ಶಾಲೆಗಳ ಆದ್ಯತೆ ಪಟ್ಟಿ ಕೊಡೋವಾಗ ಇದನ್ನ ನೋಡಿ ಜೋಡಿಸ್ಬೇಕು, ಹತ್ತಿರದ್ದು ಅಂತ ಒಂದನ್ನೇ ಹಾಕಿ ಬಿಡಬಾರದು.

ಎರಡನೇದು, ಸೀಟು ಹಂಚಿಕೆ ಸುತ್ತು ಸುತ್ತಾಗಿ ನಡೆಯುತ್ತೆ. ಸಿಕ್ಕಿದ್ಮೇಲೆ ಹೇಳಿದ ದಿನದೊಳಗೆ ಶಾಲೆಗೆ ಹೋಗಿ ವರದಿ ಮಾಡ್ಬೇಕು. ಮೆಸೇಜ್ ಬರೋದು ಅರ್ಜೀಲಿ ಕೊಟ್ಟ ನಂಬರಿಗೆ. ಅದು ಸೈಬರ್ ಅಂಗಡಿಯವನ ನಂಬರಾಗಿದ್ರೆ ಸೀಟು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ.

ಅನಾಥ ಮಕ್ಕಳು, ಮಾಜಿ ದೇವದಾಸಿಯರ ಮಕ್ಕಳು, ಸಫಾಯಿ ಕರ್ಮಚಾರಿಗಳ ಮಕ್ಕಳು ಇಂಥವರಿಗೆ ಪರೀಕ್ಷೆ ಇಲ್ಲದ ವಿಶೇಷ ಪ್ರವೇಶ ಇದೆ. ಅದು ಗೊತ್ತೇ ಇರದ ಮನೆಗಳಿಗೇ ಅದು ಬೇಕಾಗಿರೋದು. ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಪಾಟಿಚೀಲ
ಒಂದು ಪುಟ ಅಂದಿದ್ದೆ, ಈಗ ಎರಡೂ ಬದಿ ತುಂಬುತ್ತೆ. ಮುಂದೆ ನಾಲ್ಕನೇ ಕ್ಲಾಸಿನ ಕೊನೆಯಿಂದ ಐದರ ಕೊನೆಯವರೆಗಿನ ಕೆಲಸ: ಮೂರು ಕಾಗದ ತಾಳೆ, ಮಗುವಿನ ಹೆಸರಲ್ಲಿ ಪ್ರಮಾಣಪತ್ರ, ಮಳೆಗಾಲಕ್ಕೆ ನವೋದಯ, ಚಳಿಗಾಲಕ್ಕೆ ಆದರ್ಶ-ಮೊರಾರ್ಜಿ, ಪರದೆ ಮೇಲೆ 'ಕನ್ನಡ', ಸ್ವಂತ ಫೋನ್ ನಂಬರ್. ವಿಶೇಷ ಪ್ರವೇಶ ದಪ್ಪಕ್ಷರದಲ್ಲಿ. ಹಿಂದಿನ ಬದಿ ಅರ್ಧ ಊರ ಶಾಲೆಗೆ, ಊರಗಂಟೆಯವರು ಸಾಲು ಬರೆದುಕೊಡಿ. ಇನ್ನರ್ಧಕ್ಕೆ ಪದಜೋಡಿ. ಕಾಗದ-ಮೊಳೆ ಆಟವನ್ನ ಚೀಟೀಲಿ ಬರೆದ್ರೆ ಅರ್ಥ ಆಗಲ್ಲ, ಸಭೆಯಲ್ಲೇ ಮಾಡಿ ತೋರಿಸ್ತೀವಿ.

ಊರಗಂಟೆ
ಬರೆದುಕೊಡ್ತೀನಿ. ನಾಲ್ಕು ಸಾಲಿನ ಬದಲು ಆರಾದ್ರೆ ಕತ್ತರಿಸ್ಬೇಡಿ.

ಬದುಬೇಲಿ
ಓಎಂಆರ್‌ಗೆ ನೀಲಿ ಪೆನ್ನೋ ಕಪ್ಪೋ? ಪೆನ್ಸಿಲ್ ಅಂತ ಯಾರೋ ಹೇಳ್ತಿದ್ರು.

ಗಣಿತದಚೀಟಿ
ನವೋದಯಕ್ಕೆ ಎರಡೂ ನಡೆಯುತ್ತೆ, ಬಾಲ್ ಪೆನ್ ಆಗಿರ್ಬೇಕು. ಪೆನ್ಸಿಲ್ ನಡೆಯಲ್ಲ. ಜೆಲ್ ಪೆನ್ ಮಕ್ಕಳ ಅಂಗೈ ಬೆವರಿಗೆ ಸವರಿ ಪಕ್ಕದ ಸುತ್ತಿಗೂ ಹತ್ತುತ್ತೆ. ಎರಡು ಪೆನ್ ಕೊಟ್ಟು ಕಳಿಸಿ, ಎರಡರಲ್ಲೂ ಹಿಂದಿನ ದಿನವೇ ಒಂದೊಂದು ಪುಟ ಬರೆಸಿ. ಹೊಸಾ ಪೆನ್ನು ಮೊದಲ ಹತ್ತು ಸುತ್ತು ತೊದಲುತ್ತೆ.